ಹೆಚ್ಚು ಕಡಿಮೆಯ ಬೆರಗು

ಒಂದು ಮೀಟರು ದಾರ, ತುದಿಗೊಂದು ಹಿತ್ತಾಳೆಯ ಗುಂಡು, ಕೈಯಲ್ಲೊಂದು ಸ್ಟಾಪ್‌ವಾಚ್. ಪಿಯುಸಿ ಓದುವ ಹುಡುಗಿಯೊಬ್ಬಳು ಲ್ಯಾಬಿನ ಮೂಲೆಯಲ್ಲಿ ಇಷ್ಟನ್ನೇ ಇಟ್ಟುಕೊಂಡು ಭೂಮಿಯನ್ನು ಕೇಳುತ್ತಾಳೆ: ನೀನು ಎಷ್ಟು ಬಲವಾಗಿ ಎಳೆಯುತ್ತೀ? ಭೂಮಿ ಉತ್ತರ ಕೊಟ್ಟೇಬಿಡುತ್ತದೆ. ಕಲ್ಲು, ಕಬ್ಬಿಣ, ಕಡಲುಗಳನ್ನೆಲ್ಲ ಹೊತ್ತ ಇಷ್ಟು ದೊಡ್ಡ ಗೋಳ ತನ್ನ ಸೆಳೆತವನ್ನು ಒಂದು ದಾರದ ತೂಗಾಟದಲ್ಲಿ ಹೇಳಿಬಿಡುತ್ತದಲ್ಲ, ಆ ಸೋಜಿಗ ನನ್ನ ಪಾಲಿಗೆ ಎಂದೂ ಹಳತಾಗಿಲ್ಲ. ಆದರೆ ಅದಕ್ಕಿಂತ ದೊಡ್ಡ ಸೋಜಿಗವೊಂದು ಆ ಉತ್ತರದ ಬಾಲದಲ್ಲಿದೆ. ನಾವು ಸಾಮಾನ್ಯವಾಗಿ ಕತ್ತರಿಸಿ ಎಸೆಯುವುದು ಅದನ್ನೇ.

ಗುಂಡಿನ ನಡುವಿನವರೆಗೆ ಉದ್ದ 100 ಸೆಂಟಿಮೀಟರು, 20 ಆಂದೋಲನಕ್ಕೆ 40.1 ಸೆಕೆಂಡು ಎಂದಿಟ್ಟುಕೊಳ್ಳಿ. ಲೋಲಕದ ಸೂತ್ರಕ್ಕೆ ಹಾಕಿದರೆ ಕ್ಯಾಲ್ಕುಲೇಟರು ಸೆಳೆತದ ಬೆಲೆ 9.8204 ಎನ್ನುತ್ತದೆ. ಬೇಕೆಂದರೆ ಇನ್ನೂ ನಾಲ್ಕು ಅಂಕೆ ಕೊಟ್ಟೀತು, ಯಂತ್ರಕ್ಕೇನು ಸಂಕೋಚ? ಆದರೆ ಆ ಅಂಕೆಗಳನ್ನು ಭೂಮಿ ಹೇಳಿದ್ದಲ್ಲ. ಗುಂಡು ನಡುಗೆರೆ ದಾಟಿದ್ದನ್ನು ಕಣ್ಣು ಕಂಡು, ಹೆಬ್ಬೆರಳು ಬಟನ್ ಒತ್ತುವಷ್ಟರಲ್ಲಿ 0.2 ಸೆಕೆಂಡಿನಷ್ಟು ಆಚೀಚೆ ಆಗಿರುತ್ತದೆ. ನಲವತ್ತು ಸೆಕೆಂಡಿಗೆ ಅದು ಶೇ. 0.5. ಸೂತ್ರದಲ್ಲಿ ಕಾಲದ ವರ್ಗವಿರುವುದರಿಂದ ಅದು ದುಪ್ಪಟ್ಟಾಗಿ ಶೇ. 1. ಉದ್ದ ಅಳೆಯುವಾಗ ಒಂದು ಮಿಲಿಮೀಟರು ತಪ್ಪಿದರೂ ಅದು ಶೇ. 0.1 ಅಷ್ಟೆ, ಬೆರಳಿನ ತಡವರಿಕೆಯ ಮುಂದೆ ಏನೇನೂ ಅಲ್ಲ. ಹೀಗಾಗಿ ಆ ಹುಡುಗಿ ಧೈರ್ಯವಾಗಿ ಬರೆಯಬಹುದಾದದ್ದು 9.8 ± 0.1 ಮಾತ್ರ.

ನಾನು ಬೆರಗಾಗುವುದು ಇಲ್ಲಿ. ತಿಳಿದದ್ದನ್ನು ಅಳೆಯುವುದು ಸರಿ. ತಿಳಿಯದೆ ಉಳಿದದ್ದನ್ನೂ ಅಳೆದು, ಅದಕ್ಕೊಂದು ಅಂಕೆ ಕೊಟ್ಟು, ಉತ್ತರದ ಪಕ್ಕದಲ್ಲೇ ಕೂರಿಸಬಹುದು ಎಂದು ಮನುಷ್ಯನಿಗೆ ಹೊಳೆಯಿತಲ್ಲ!

ನಮ್ಮ ಪ್ರಾಕ್ಟಿಕಲ್ ರೆಕಾರ್ಡುಗಳಲ್ಲಿ ಆ ± ಕಾಣುವುದು ಅಪರೂಪ. ಅಲ್ಲಿ ಪುಸ್ತಕದ 9.81 ಎಂಬ ಬೆಲೆಯೇ ದೇವರು. 9.7 ಬಂದ ಹುಡುಗ ಕಂಗಾಲಾಗಿ, ಉತ್ತರದಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ, ರೀಡಿಂಗನ್ನೇ 'ಕುಕ್' ಮಾಡುತ್ತಾನೆ. ಅವನು ದಾರವನ್ನು ಗುಂಡಿನ ನಡುವಿನವರೆಗೆ ಅಳೆಯದೆ ಮೇಲ್ತುದಿಗೇ ನಿಲ್ಲಿಸಿದ್ದಿರಬಹುದು. ಒಂದು ಸೆಂಟಿಮೀಟರು ಹೀಗೆ ತಪ್ಪಿದರೆ ಬೆಲೆ ಶೇ. 1 ಇಳಿಯುತ್ತದೆ. ಹುಡುಕಿದ್ದರೆ ಸಿಗುತ್ತಿತ್ತು. ಹುಡುಕುವ ದಾರಿಯನ್ನೇ ರಬ್ಬರು ಅಳಿಸಿಹಾಕಿತು.

ತಮಾಷೆಯೆಂದರೆ, ಅವನು ಪೂಜಿಸುವ ಬೆಲೆ ಅವನ ಊರಿನದೂ ಅಲ್ಲ. 9.80665 ಎಂಬುದು 1901ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೊಂದು ಲೆಕ್ಕದ ಅನುಕೂಲಕ್ಕೆ ಒಪ್ಪಿಕೊಂಡ ಸಂಖ್ಯೆ. ಬೆಂಗಳೂರಿನಲ್ಲಿ ನಿಜವಾದ ಬೆಲೆ ಸುಮಾರು 9.78. ಸರಿಯಾಗಿ ಅಳೆದು 9.78 ತಂದವನು ಅದನ್ನು 9.81ಕ್ಕೆ ತಿದ್ದಿದರೆ, ಸತ್ಯದ ಮನೆಯಿಂದ ಹೊರಟು ನಂಬಿಕೆಯ ಮನೆಗೆ ಹೋದಂತಾಯಿತು.

ಹಾಗೆ ತಿದ್ದದೆ ಹೋದವನೊಬ್ಬನಿದ್ದ. 1672ರಲ್ಲಿ ಜ್ಯಾಂ ರಿಶೆ ಎಂಬ ಫ್ರೆಂಚ್ ಖಗೋಳಜ್ಞ ದಕ್ಷಿಣ ಅಮೆರಿಕದಲ್ಲಿ ಸಮಭಾಜಕದ ಬಳಿ ಇರುವ ಕಯೆನ್‌ಗೆ ಹೋದ. ಪ್ಯಾರಿಸ್ಸಿನ ಕಾಲಕ್ಕೆ ಹೊಂದಿಸಿದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಸರಿಪಡಿಸಲು ಲೋಲಕವನ್ನು ಮೂರು ಮಿಲಿಮೀಟರಿಗೂ ಕಡಿಮೆ ಮೊಟಕುಗೊಳಿಸಬೇಕಾಯಿತು. ಗಡಿಯಾರ ಕೆಟ್ಟಿದೆ ಎಂದು ಕೈತೊಳೆದುಕೊಳ್ಳಬಹುದಿತ್ತು. ಸೆಖೆಗೆ ಲೋಹ ಹಿಗ್ಗಿದೆ ಎನ್ನಬಹುದಿತ್ತು. ನ್ಯೂಟನ್ ತನ್ನ ಪ್ರಿನ್ಸಿಪಿಯಾದಲ್ಲಿ ಆ ಹಿಗ್ಗುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಅದಷ್ಟೇ ಸಾಲದು ಎಂದು ತೋರಿಸಿದ. ಉಳಿದ ವ್ಯತ್ಯಾಸ ಗಡಿಯಾರದ್ದಲ್ಲ, ಭೂಮಿಯದ್ದು: ತಿರುಗುವ ಭೂಮಿ ಸಮಭಾಜಕದ ಬಳಿ ಉಬ್ಬಿದೆ, ಅಲ್ಲಿ ಸೆಳೆತ ಕಡಿಮೆ. ಅಲ್ಲಿನ ತ್ರಿಜ್ಯ ಧ್ರುವದ ತ್ರಿಜ್ಯಕ್ಕಿಂತ 21 ಕಿಲೋಮೀಟರು ಹೆಚ್ಚು ಎಂಬುದು ಇಂದು ನಮಗೆ ಗೊತ್ತು. ತನ್ನ ಗಡಿಯಾರ ಎಷ್ಟು ತಪ್ಪಬಲ್ಲದು ಎಂಬ ಅಂದಾಜು ಇದ್ದವನಿಗೆ ಮಾತ್ರ ಆ ಎರಡೂವರೆ ನಿಮಿಷ ಮಾತಾಡುತ್ತದೆ. ಇಲ್ಲದವನಿಗೆ ಅದು ಬರೀ ಕಿರಿಕಿರಿ.

ನಮ್ಮ ಲ್ಯಾಬಿನ ಹುಡುಗಿಗೆ ಆ ಉಬ್ಬು ಕಾಣುವುದೇ? 9.8 ± 0.1ರಲ್ಲಿ ಪ್ಯಾರಿಸ್ಸೂ ಬೆಂಗಳೂರೂ ಒಂದೇ. ಆದರೆ ಅವಳು 20ರ ಬದಲು 100 ಆಂದೋಲನ ಎಣಿಸಲಿ. ಬೆರಳಿನ ತಪ್ಪು ಅಷ್ಟೇ ಇರುತ್ತದೆ, ಕಾಲ ಮಾತ್ರ ಐದು ಪಟ್ಟಾಗುತ್ತದೆ. ಶೇ. 1 ಇದ್ದದ್ದು ಶೇ. 0.2ಕ್ಕೆ ಇಳಿಯುತ್ತದೆ. ಉದ್ದದ ತಪ್ಪನ್ನೂ ಕೂಡಿಸಿದರೆ ± 0.03. ಪ್ಯಾರಿಸ್ಸಿನ 9.81ಕ್ಕೂ ಬೆಂಗಳೂರಿನ 9.78ಕ್ಕೂ ಇರುವ ಅಂತರ ಸರಿಸುಮಾರು ಅಷ್ಟೇ. ಹಿತ್ತಾಳೆ ಗುಂಡು, ದಾರ, ಮೂರು ಚಿಲ್ಲರೆ ನಿಮಿಷದ ತಾಳ್ಮೆ ಇಷ್ಟರಿಂದಲೇ ಅವಳು ಭೂಮಿಯ ಆಕಾರ ಕಾಣತೊಡಗುವ ಅಂಚಿಗೆ ಬಂದಿದ್ದಾಳೆ. ತಾನು ಅಂಚಿಗೆ ಬಂದಿದ್ದೇನೆ ಎಂದು ಅವಳಿಗೆ ತಿಳಿಸಿದ್ದು ಆ ±.

ದೊಡ್ಡವರೂ ಇದರಿಂದ ಹೊರತಲ್ಲ. ಬ್ರಿಟಿಷ್ ವಿಜ್ಞಾನಿ ಕ್ಯಾವೆಂಡಿಶ್ 1798ರಲ್ಲಿ ಸೀಸದ ಗುಂಡುಗಳ ಸೆಳೆತ ಅಳೆದು ಎರಡು ಶತಮಾನ ದಾಟಿದೆ. ಆದರೂ 2018ರ ಅಂತರರಾಷ್ಟ್ರೀಯ ಶಿಫಾರಸಿನಲ್ಲಿ ಗುರುತ್ವ ಸ್ಥಿರಾಂಕದ ಬೆಲೆ 6.67430 × 10⁻¹¹ ಎಂದಿದ್ದು, ಅದರ ಬೆನ್ನಿಗೇ 0.00015 × 10⁻¹¹ರ ಅನಿಶ್ಚಿತತೆಯೂ ಅಚ್ಚಾಗಿದೆ. ಜಗತ್ತಿನ ಅತ್ಯುತ್ತಮ ಪ್ರಯೋಗಶಾಲೆಗಳು ನಾಚದೆ ಬರೆಯುವುದನ್ನು ನಮ್ಮ ಮಕ್ಕಳು ಏಕೆ ಮುಚ್ಚಿಡಬೇಕು?

ಲ್ಯಾಬ್ ನಡೆಸುವ ಮೇಷ್ಟ್ರುಗಳಲ್ಲಿ, ಮೇಡಮ್ಮುಗಳಲ್ಲಿ ಒಂದು ಕೋರಿಕೆ. ಉತ್ತರಕ್ಕೆ ಕೊಡುವ ಅಂಕದಲ್ಲಿ ಅರ್ಧವನ್ನು ±ನ ಮುಂದೆ ಬರೆದದ್ದಕ್ಕೆ ಮೀಸಲಿಡಿ. 9.7 ± 0.1 ಎಂದು ಬರೆದು, ಎಲ್ಲಿ ತಪ್ಪಿರಬಹುದೆಂದು ಎರಡು ಸಾಲು ಸೇರಿಸಿದ ಮಗುವಿಗೆ, 9.81 ಎಂದಷ್ಟೇ ಬರೆದ ಮಗುವಿಗಿಂತ ಹೆಚ್ಚು ಅಂಕ ಕೊಡಿ. ವಿಜ್ಞಾನ ಮಾಡಿದ್ದು ಮೊದಲನೆಯ ಮಗು.