ಬರಲಿರುವ ವಸ್ತುವೂ ಕೈಯಲ್ಲಿರುವ ವಸ್ತುವೂ

೧

ಎರಡು ವಸ್ತುಗಳನ್ನು ಎದುರುಬದುರಾಗಿಟ್ಟು ಇದು ಮೇಲೋ ಅದು ಮೇಲೋ ಎಂದು ವಿಚಾರಿಸುವುದು ಮನುಷ್ಯನಿಗೆ ಸಹಜವಾದ ಧರ್ಮ. ಎತ್ತನ್ನು ಕೊಳ್ಳುವವನು ಅದರ ಹಲ್ಲನ್ನೂ ಸುಳಿಯನ್ನೂ ನೋಡುತ್ತಾನೆ. ಸೀರೆಯನ್ನು ಕೊಳ್ಳುವವಳು ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ತಾರತಮ್ಯಜ್ಞಾನವಿಲ್ಲದೆ ಸಂಸಾರವು ನಡೆಯದು. ಆದರೆ ಈಚಿನ ವರ್ಷಗಳಲ್ಲಿ ಈ ಸಹಜಧರ್ಮವು ಒಂದು ವಿಶೇಷ ರೂಪವನ್ನು ತಾಳಿರುವುದು. ವಿದ್ಯಾವಂತರ ಮನೆಗಳಲ್ಲಿ, ಊಟದ ಪಂಕ್ತಿಯಲ್ಲಿಯೂ ಮದುವೆಯ ಚಪ್ಪರದಲ್ಲಿಯೂ, ಆಪಲ್ ಕಂಪೆನಿಯ ಐಫೋನು ಮೇಲೋ ಸ್ಯಾಮ್‌ಸಂಗ್ ಕಂಪೆನಿಯ ಗ್ಯಾಲಕ್ಸಿ ಮೇಲೋ ಎಂಬ ವಾದವು ನಡೆಯುತ್ತದೆ. ಆ ವಾದವು ಇನ್ನೂ ಮುಗಿಯುವುದರೊಳಗೆ ಮಾತು, ಮುಂದಿನ ವರ್ಷ ಬರುವುದೆಂದು ಹೇಳಲಾಗುವ, ಆದರೆ ಆ ಪಂಕ್ತಿಯಲ್ಲಿರುವವರಲ್ಲಿ ಯಾರೊಬ್ಬರೂ ಕಂಡಿಲ್ಲದ ಫೋನಿನ ಗುಣವರ್ಣನೆಯ ಕಡೆಗೆ ತಿರುಗುತ್ತದೆ.

ಇದು ಹರಟೆಯ ವಿಷಯ. ಸಾಹಿತ್ಯಪತ್ರಿಕೆಯಲ್ಲಿ ವಿಚಾರಿಸತಕ್ಕದ್ದು ಇದರಲ್ಲಿ ಏನಿದೆ ಎಂದು ಕೆಲವರು ಕೇಳಬಹುದು. ಯಾವ ವಸ್ತುವನ್ನು ಮನುಷ್ಯನು ಮಲಗುವಾಗ ಎಲ್ಲಕ್ಕಿಂತ ಕೊನೆಗೆ ಕೆಳಗಿಟ್ಟು, ಏಳುವಾಗ ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಳ್ಳುತ್ತಾನೋ ಆ ವಸ್ತುವಿನ ವಿಷಯದಲ್ಲಿ ಅವನ ಮನಸ್ಸು ಹೇಗೆ ನಡೆದುಕೊಳ್ಳುತ್ತದೆಂಬುದು ನೀತಿವಿಚಾರಕ್ಕೆ ಹೊರಗಾದ ಮಾತಾಗಲಾರದು. ನಮ್ಮ ಮುಂದಿರುವ ಪ್ರಶ್ನೆಗಳು ಎರಡು. ಪ್ರತಿಸ್ಪರ್ಧಿಗಳಲ್ಲಿ ಒಂದನ್ನು ಆರಿಸಿಕೊಂಡವನು ಅದರ ಪಕ್ಷವನ್ನೇ ಹಿಡಿದು ಹೋರಾಡುವುದು ಯುಕ್ತವೆ? ಇನ್ನೂ ಬಾರದ ವಸ್ತುವಿನ ನಿರೀಕ್ಷೆಯಲ್ಲಿ, ಬಂದಿರುವ ವಸ್ತುವನ್ನು ಹಳಿಯುವುದು ಯುಕ್ತವೆ?

೨

ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಈ ಕಂಪೆನಿಗಳ ಚರಿತ್ರೆಯೇ ಕೊಡುತ್ತದೆ. ಸ್ಟೀವ್ ಜಾಬ್ಸ್ ಅವರು ೨೦೦೭ರ ಜನವರಿ ೯ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮೊದಲನೆಯ ಐಫೋನನ್ನು ಜನರಿಗೆ ತೋರಿಸಿದರು. ಗೂಗಲ್ ಕಂಪೆನಿಯ ಆಂಡ್ರಾಯ್ಡ್ ವ್ಯವಸ್ಥೆಯುಳ್ಳ ಮೊದಲನೆಯ ಫೋನು ೨೦೦೮ರಲ್ಲಿ ಮಾರಾಟಕ್ಕೆ ಬಂದಿತು. ೨೦೧೦ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್ ಫೋನನ್ನು ಹೊರತಂದಿತು. ೨೦೧೧ರಲ್ಲಿ ಆಪಲ್, ತನ್ನ ಆಕಾರವನ್ನೂ ಕಲ್ಪನೆಗಳನ್ನೂ ಸ್ಯಾಮ್‌ಸಂಗ್ ಅನುಕರಿಸಿತೆಂದು ನ್ಯಾಯಾಲಯಕ್ಕೆ ಹೋಯಿತು. ೨೦೧೨ರಲ್ಲಿ ಅಮೆರಿಕದ ಪಂಚರು ನೂರು ಕೋಟಿ ಡಾಲರಿಗೂ ಮೀರಿದ ಪರಿಹಾರವನ್ನು ವಿಧಿಸಿದರು. ಮೇಲ್ಮನವಿಗಳೂ ಮರುವಿಚಾರಣೆಗಳೂ ನಡೆದು ಕಡೆಗೆ ೨೦೧೮ರಲ್ಲಿ ಉಭಯರೂ ರಾಜಿಯಾದರು. ಈ ಏಳು ವರ್ಷಗಳ ಕಾಲ ಎರಡೂ ಪಕ್ಷದ ಅಭಿಮಾನಿಗಳು ಕೌರವಪಾಂಡವರಂತೆ ಕಾದಾಡಿದರಷ್ಟೆ. ಆದರೆ ಮೊದಲನೆಯ ಐಫೋನಿನ ಮುಖ್ಯ ಚಿಪ್ಪನ್ನು ತಯಾರಿಸಿಕೊಟ್ಟದ್ದು ಸ್ಯಾಮ್‌ಸಂಗ್; ವ್ಯಾಜ್ಯವು ಇನ್ನೂ ಮುಗಿಯದಿದ್ದ ೨೦೧೭ರಲ್ಲಿ ಹೊರಬಂದ ಐಫೋನ್ ೧೦ರ ತೆರೆಯನ್ನು ಒದಗಿಸಿದ್ದೂ ಸ್ಯಾಮ್‌ಸಂಗ್ ಸಮೂಹವೇ. ಯಜಮಾನರು ಚಾವಡಿಯಲ್ಲಿ ವ್ಯಾಜ್ಯವಾಡುತ್ತ ಹಿತ್ತಿಲಲ್ಲಿ ವ್ಯಾಪಾರಮಾಡುತ್ತಿರಲು, ಆಳುಗಳು ಬೀದಿಯಲ್ಲಿ ತಲೆಯೊಡೆದುಕೊಂಡಂತಾಯಿತು.

ಒಬ್ಬರು ಮತ್ತೊಬ್ಬರನ್ನು ಹಾಸ್ಯಮಾಡಿದ ಸಂಗತಿಗಳೂ ಬೋಧಪ್ರದವಾಗಿವೆ. ದೊಡ್ಡ ಗಾತ್ರದ ಫೋನನ್ನು ಯಾರೂ ಕೊಳ್ಳಲಾರರೆಂದು ಜಾಬ್ಸ್ ಅವರು ೨೦೧೦ರಲ್ಲಿ ಅಭಿಪ್ರಾಯಪಟ್ಟರು; ೨೦೧೪ರಲ್ಲಿ ಅವರ ಕಂಪೆನಿಯೇ ದೊಡ್ಡ ಗಾತ್ರದ ಐಫೋನನ್ನು ಮಾರಿತು. ೨೦೧೬ರಲ್ಲಿ ಆಪಲ್ ತನ್ನ ಫೋನಿನಿಂದ ಕಿವಿಯುಲಿಯ ತಂತಿಯ ರಂಧ್ರವನ್ನು ತೆಗೆದುಹಾಕಿದಾಗ ಗೂಗಲ್ ತನ್ನ ಪಿಕ್ಸೆಲ್ ಫೋನಿನ ಜಾಹೀರಾತಿನಲ್ಲಿ ಕುಚೋದ್ಯಮಾಡಿತು. ಮರುವರ್ಷವೇ ತಾನೂ ಅದನ್ನು ತೆಗೆಯಿತು. ೨೦೨೦ರಲ್ಲಿ ಆಪಲ್ ಪೆಟ್ಟಿಗೆಯೊಳಗೆ ಚಾರ್ಜರನ್ನು ಇಡುವುದನ್ನು ನಿಲ್ಲಿಸಿದಾಗ ಸ್ಯಾಮ್‌ಸಂಗ್ ನಕ್ಕಿತು. ೨೦೨೧ರ ಜನವರಿಯಲ್ಲಿ ತಾನೂ ನಿಲ್ಲಿಸಿತು. ದೋಷದಲ್ಲಿಯೂ ಸಮಾನತೆಯುಂಟು. ಹಳೆಯ ಫೋನುಗಳ ಶಕ್ತಿಯನ್ನು ಕುಗ್ಗಿಸುವಂಥ ಹೊಸ ತಂತ್ರಾಂಶವನ್ನು ಗ್ರಾಹಕರಿಗೆ ದಾಟಿಸಿದರೆಂದು ಇಟಲಿಯ ಸ್ಪರ್ಧಾನಿಯಂತ್ರಣ ಪ್ರಾಧಿಕಾರವು ೨೦೧೮ರಲ್ಲಿ ಆಪಲ್ ಕಂಪೆನಿಗೆ ೧ ಕೋಟಿ ಯೂರೋಗಳನ್ನೂ ಸ್ಯಾಮ್‌ಸಂಗ್ ಕಂಪೆನಿಗೆ ೫೦ ಲಕ್ಷ ಯೂರೋಗಳನ್ನೂ ದಂಡವಾಗಿ ವಿಧಿಸಿತು.

ಇದರಿಂದ ಸಿದ್ಧವಾಗುವುದೇನೆಂದರೆ, ವಸ್ತುವನ್ನು ಆರಿಸುವುದು ವಿವೇಕದ ಕೆಲಸ, ಮುದ್ರೆಯ ಪಕ್ಷವನ್ನು ಹಿಡಿಯುವುದು ಅಭಿಮಾನದ ಕೆಲಸ. ಕುಲಕ್ಕೂ ನಾಡಿಗೂ ನುಡಿಗೂ ನಾವು ತೋರುವ ನಿಷ್ಠೆಗೆ ಆಧಾರವುಂಟು. ಅವು ನಮ್ಮನ್ನು ಹೊತ್ತು ಸಾಕಿದುವು. ವ್ಯಾಪಾರದ ಮುದ್ರೆಯು ಬೆಲೆಗೆ ವಸ್ತುವನ್ನು ಕೊಟ್ಟಿತು. ಅಲ್ಲಿಗೆ ಲೆಕ್ಕ ಚುಕ್ತವಾಯಿತು. ಈ ಅಭಿಮಾನವು ಕೇವಲ ನಿರರ್ಥಕವಾಗಿದ್ದರೆ ಕ್ಷಮಿಸಬಹುದಾಗಿತ್ತು. ಆದರೆ ಅದು ಮನುಷ್ಯರನ್ನು ಅಳೆಯುವ ಕೋಲಾಗಿ ಪರಿಣಮಿಸುತ್ತದೆ. ಐಫೋನಿನಲ್ಲಿ ಇತರ ಫೋನುಗಳಿಂದ ಬಂದವರೊಡನೆ ನಡೆಯುವ ಸಂದೇಶಗಳು ಹಸಿರು ಬಣ್ಣದಲ್ಲಿ ಕಾಣುತ್ತವೆ. ಇದರಿಂದಾಗಿ ಅಂಥ ಫೋನುಳ್ಳವರು, ವಿಶೇಷವಾಗಿ ಎಳೆಯರು, ಗೆಳೆಯರ ಗುಂಪಿನಲ್ಲಿ ಕೀಳುಗೈಯಲ್ಪಡುತ್ತಾರೆಂಬುದು, ಅಮೆರಿಕದ ನ್ಯಾಯ ಇಲಾಖೆಯು ೨೦೨೪ರ ಮಾರ್ಚಿಯಲ್ಲಿ ಆಪಲ್ ಮೇಲೆ ಹೂಡಿದ ಮೊಕದ್ದಮೆಯ ಆಪಾದನೆಗಳಲ್ಲಿ ಒಂದಾಗಿದೆ. ನ್ಯಾಯಾಲಯದ ತೀರ್ಪು ಏನೇ ಆಗಲಿ, ಕಾಲೇಜಿಗೆ ಹೋಗುವ ಮಕ್ಕಳುಳ್ಳ ನಮ್ಮ ಮನೆಗಳವರಿಗೆ ಈ ಮಾತು ಹೊಸದಲ್ಲ. ಹುಟ್ಟಿನಿಂದ ಮನುಷ್ಯನನ್ನು ಅಳೆಯಬಾರದೆಂದು ಎಂಟುನೂರು ವರ್ಷಗಳಿಗೂ ಹಿಂದೆ ಶರಣರು ಸಾರಿದ ಈ ನಾಡಿನಲ್ಲಿ, ಅಂಗೈಯಗಲದ ಗಾಜಿನಿಂದ ಅವನನ್ನು ಅಳೆಯುವುದು ಎಂಥ ವಿಪರ್ಯಾಸ!

೩

ಇನ್ನು ಎರಡನೆಯ ಪ್ರಶ್ನೆ. ಇದು ಮೊದಲನೆಯದಕ್ಕಿಂತ ಕಠಿನವಾದದ್ದು. ಏಕೆಂದರೆ ಇಲ್ಲಿ ಪೂರ್ವಪಕ್ಷವು ಬಲವಾಗಿದೆ. “ಅತೃಪ್ತಿಯೇ ಅಭಿವೃದ್ಧಿಯ ತಾಯಿ. ಇರುವುದರಲ್ಲಿ ತೃಪ್ತಿಪಟ್ಟಿದ್ದರೆ ಮನುಷ್ಯನು ಗುಹೆಯಲ್ಲಿಯೇ ಇರುತ್ತಿದ್ದನು. ಜನರು ಮುಂದಿನದನ್ನು ನಿರೀಕ್ಷಿಸಿದುದರಿಂದಲೇ ಕಂಪೆನಿಗಳು ಮುಂದಿನದನ್ನು ಮಾಡಿದುವು. ಒಬ್ಬರ ಭಯದಿಂದ ಒಬ್ಬರು ಒಳ್ಳೆಯದನ್ನು ಮಾಡಿದರು” ಎಂದು ಹೇಳಬಹುದು. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ೨೦೨೩ರ ಅಕ್ಟೋಬರಿನಲ್ಲಿ ಗೂಗಲ್ ತನ್ನ ಪಿಕ್ಸೆಲ್ ೮ ಫೋನಿಗೆ ಏಳು ವರ್ಷಗಳವರೆಗೆ ತಂತ್ರಾಂಶವನ್ನು ಒದಗಿಸುವೆನೆಂದು ಮಾತುಕೊಟ್ಟಿತು. ೨೦೨೪ರ ಜನವರಿಯಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ೨೪ಕ್ಕೆ ಅದೇ ಮಾತನ್ನು ಕೊಟ್ಟಿತು. ಸ್ಪರ್ಧೆಯಿಂದ ಕೊಳ್ಳುವವನಿಗೆ ಹಿತವಾಯಿತೆಂಬುದಕ್ಕೆ ಇದು ನಿದರ್ಶನ.

ಆದರೆ ಅತೃಪ್ತಿಯಲ್ಲಿ ಎರಡು ಬಗೆಯುಂಟೆಂಬುದನ್ನು ಪೂರ್ವಪಕ್ಷದವರು ಮರೆಯುತ್ತಾರೆ. ಒಂದು, ಬಳಕೆಯಿಂದ ಹುಟ್ಟಿದ ಅತೃಪ್ತಿ. ನೇಗಿಲ ಹಿಡಿಯು ಅಂಗೈಯನ್ನು ಒತ್ತುತ್ತದೆಂದು ರೈತನಿಗೆ ತಿಳಿದಿರುತ್ತದೆ. ಅವನು ಬಡಗಿಯ ಬಳಿಗೆ ಹೋಗುತ್ತಾನೆ. ಇದಕ್ಕೆ ಕೊರತೆಯೆಂದು ಹೆಸರು. ಮತ್ತೊಂದು, ಸುದ್ದಿಯಿಂದ ಹುಟ್ಟಿದ ಅತೃಪ್ತಿ. ನಿನ್ನೆಯವರೆಗೆ ಸಾಕಾಗಿದ್ದ ವಸ್ತು, ಹೊಸದೊಂದು ಬರುತ್ತದೆಂದು ಕೇಳಿದ ಮಾತ್ರಕ್ಕೆ, ತನ್ನಲ್ಲಿ ಕೂದಲೆಳೆಯಷ್ಟೂ ಬದಲಾವಣೆಯಿಲ್ಲದೆ, ಈ ದಿನ ಸಾಲದಾಗುತ್ತದೆ. ಇದಕ್ಕೆ ತೃಷ್ಣೆಯೆಂದು ಹೆಸರು. ಅಭಿವೃದ್ಧಿಯ ತಾಯಿ ಮೊದಲನೆಯ ಅತೃಪ್ತಿಯೇ ಹೊರತು ಎರಡನೆಯದಲ್ಲ. ಇವೆರಡನ್ನೂ ಬೇರ್ಪಡಿಸುವ ಪರೀಕ್ಷೆಯೂ ಸುಲಭವಾಗಿದೆ: ಆ ಸುದ್ದಿಯನ್ನು ಕೇಳುವುದಕ್ಕೆ ಮೊದಲು ಈ ನ್ಯೂನತೆಯು ನಮಗೆ ತಿಳಿದಿತ್ತೆ? ತಿಳಿದಿದ್ದರೆ ಅದು ಕೊರತೆ, ಇಲ್ಲವಾದರೆ ತೃಷ್ಣೆ.

ಈ ತೃಷ್ಣೆಯು ಮಾರುವವನನ್ನೂ ಬಿಡುವುದಿಲ್ಲ. ಆಡಮ್ ಓಸ್ಬರ್ನ್ ಎಂಬವರು ೧೯೮೧ರಲ್ಲಿ ಅಮೆರಿಕದಲ್ಲಿ, ಸುಮಾರು ೧೧ ಕಿಲೋ ತೂಕದ, ಹೊತ್ತುಕೊಂಡು ಹೋಗಬಹುದಾದ ಕಂಪ್ಯೂಟರನ್ನು ಮಾರಿ ಹೆಸರಾದರು. ೧೯೮೩ರಲ್ಲಿ, ಅದಕ್ಕಿಂತ ಉತ್ತಮವಾದ ಯಂತ್ರವು ಬರಲಿದೆಯೆಂದು ಅವರ ಕಂಪೆನಿಯು ಮುಂಚಿತವಾಗಿಯೇ ಪ್ರಕಟಿಸಲು, ಜನರು ಇರುವುದನ್ನು ಕೊಳ್ಳುವುದನ್ನು ಬಿಟ್ಟು ಬರುವುದಕ್ಕಾಗಿ ಕಾದು ಕುಳಿತರು. ಅದೇ ವರ್ಷ ಕಂಪೆನಿಯು ದಿವಾಳಿಯಾಯಿತು. ದಿವಾಳಿಗೆ ಬೇರೆ ಕಾರಣಗಳೂ ಇದ್ದುವೆಂದು ಆಮೇಲೆ ವಿಚಾರಿಸಿದವರು ತೋರಿಸಿದ್ದಾರೆ. ಆದರೂ ವ್ಯಾಪಾರದ ಪರಿಭಾಷೆಯಲ್ಲಿ ‘ಓಸ್ಬರ್ನ್ ಪರಿಣಾಮ’ ಎಂಬ ಮಾತು ಸ್ಥಿರವಾಗಿ ನಿಂತಿತು. ಈ ಆಡಮ್ ಓಸ್ಬರ್ನ್ ಅವರು ಬಾಲ್ಯವನ್ನು ಕಳೆದದ್ದು ನಮ್ಮ ನೆರೆಯ ತಿರುವಣ್ಣಾಮಲೆಯಲ್ಲಿ. ರಮಣ ಮಹರ್ಷಿಗಳ ಭಕ್ತರಾಗಿ ಅವರ ವಿಷಯದಲ್ಲಿ ಗ್ರಂಥಗಳನ್ನು ಬರೆದ ಆರ್ಥರ್ ಓಸ್ಬರ್ನ್ ಅವರ ಮಗ ಇವರು. ಬಯಕೆಯ ಮೂಲವನ್ನು ಹುಡುಕೆಂದು ಬೋಧಿಸಿದ ಬೆಟ್ಟದ ತಪ್ಪಲಿನಲ್ಲಿ ಬೆಳೆದವರ ಹೆಸರೇ ಬಯಕೆಯ ಒಂದು ವಿಲಕ್ಷಣ ನಿಯಮಕ್ಕೆ ಅಂಟಿಕೊಂಡಿತು.

೪

ಬರಲಿರುವ ವಸ್ತುವಿಗೆ ಇಷ್ಟೊಂದು ಮೋಹಕಶಕ್ತಿಯು ಬಂದದ್ದು ಹೇಗೆ? ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯು ಅರ್ಧ ಉತ್ತರವನ್ನು ಹೇಳುತ್ತದೆ. ಉಳಿದರ್ಧಕ್ಕೆ ನಳದಮಯಂತಿಯರ ಕಥೆಯನ್ನು ನೆನೆಯಬೇಕು. ಸ್ವಯಂವರಮಂಟಪದಲ್ಲಿ ಇಂದ್ರಾದಿ ನಾಲ್ವರು ದೇವತೆಗಳು ನಳನ ರೂಪವನ್ನೇ ಧರಿಸಿ ಕುಳಿತರು. ದಮಯಂತಿಯ ಕಣ್ಣಿಗೆ ಐವರು ನಳರು ಕಂಡರು. ಅವಳು ಪ್ರಾರ್ಥಿಸಲು ಗುರುತುಗಳು ಕಾಣಿಸಿಕೊಂಡುವು: ದೇವತೆಗಳಿಗೆ ಬೆವರಿಲ್ಲ, ಅವರು ಎವೆಯಿಕ್ಕುವುದಿಲ್ಲ, ಅವರ ಹಾರ ಬಾಡದು, ಕಾಲು ನೆಲವನ್ನು ಸೋಂಕದು, ಮೈಗೆ ನೆರಳಿಲ್ಲ. ನಳನಿಗಾದರೋ ಬೆವರಿತ್ತು, ಧೂಳಿತ್ತು, ಬಾಡಿದ ಹಾರವಿತ್ತು, ನೆರಳಿತ್ತು. ದಮಯಂತಿಯು ನೆರಳುಳ್ಳವನ ಕೊರಳಿಗೆ ಮಾಲೆಯನ್ನು ಹಾಕಿದಳು.

ಬರಲಿರುವ ಫೋನು ದೇವತೆಗಳ ಗುಂಪಿಗೆ ಸೇರಿದ್ದು. ಅದು ಇನ್ನೂ ಯಾರ ಕೈಯಿಂದಲೂ ಜಾರಿ ಬಿದ್ದಿಲ್ಲ. ಅದರ ಬ್ಯಾಟರಿಯು ಯಾವ ಪ್ರಯಾಣದ ನಡುವೆಯೂ ಬರಿದಾಗಿಲ್ಲ. ಅದಕ್ಕೆ ದೋಷವಿಲ್ಲದಿರುವುದು ಗುಣಾತಿಶಯದಿಂದಲ್ಲ, ಇನ್ನೂ ಅಸ್ತಿತ್ವವೇ ಇಲ್ಲದುದರಿಂದ. ೨೦೧೬ರ ಆಗಸ್ಟಿನಲ್ಲಿ ಸ್ಯಾಮ್‌ಸಂಗ್ ಕಂಪೆನಿಯ ನೋಟ್ ೭ ಫೋನು ಅತಿಶಯವಾದ ನಿರೀಕ್ಷೆಯ ನಡುವೆ ಹೊರಬಂದಿತು. ಕೆಲವೇ ವಾರಗಳಲ್ಲಿ ಅದರ ಬ್ಯಾಟರಿಗಳು ಹೊತ್ತಿಕೊಂಡ ವರದಿಗಳು ಬಂದುವು. ಸೆಪ್ಟೆಂಬರಿನಲ್ಲಿ ಫೋನುಗಳನ್ನು ಹಿಂದಕ್ಕೆ ಪಡೆದರು. ಬದಲಾಗಿ ಕೊಟ್ಟವುಗಳೂ ಹೊತ್ತಿಕೊಳ್ಳಲು ಅಕ್ಟೋಬರಿನಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಿದರು. ಅಮೆರಿಕದ ಸರ್ಕಾರವು ಅದನ್ನು ವಿಮಾನದೊಳಕ್ಕೆ ತರಕೂಡದೆಂದು ನಿಷೇಧಿಸಿತು. ನಿರೀಕ್ಷೆಯಲ್ಲಿ ನೆರಳಿಲ್ಲದ ವಸ್ತುವಿಗೆ ಅಸ್ತಿತ್ವವು ಬಂದೊಡನೆಯೇ ನೆರಳೂ ಬರುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇರುವ ವಸ್ತುವಿನ ಕಂಡ ದೋಷವನ್ನು ಬರುವ ವಸ್ತುವಿನ ಕಾಣದ ಗುಣದೊಡನೆ ತೂಗುವ ತಕ್ಕಡಿಯು ಮೊದಲಿನಿಂದಲೇ ಒಂದು ಕಡೆಗೆ ವಾಲಿದೆ. ಹೀಗೆ ತೂಗುವ ಅಭ್ಯಾಸವು ಫೋನಿಗೆ ಮಾತ್ರ ನಿಲ್ಲುವುದಿಲ್ಲ. ವರ್ಷವರ್ಷವೂ ಕೈಯಲ್ಲಿರುವುದನ್ನು ಹಳಿಯಲು ಕಲಿತ ಮನಸ್ಸು, ಇರುವ ಊರನ್ನೂ ಹಿಡಿದ ಉದ್ಯೋಗವನ್ನೂ ಕಡೆಗೆ ಕೂಡಿ ಬಾಳುವ ಜನರನ್ನೂ ಅದೇ ತಕ್ಕಡಿಯಲ್ಲಿಡುವುದೆಂಬುದೇ ಭಯಪಡತಕ್ಕ ವಿಷಯ.

೫

ಇದು ಕೊಳ್ಳುವವನೊಬ್ಬನ ಮನಶ್ಶಾಂತಿಯ ಮಾತಾಗಿದ್ದರೆ ಇಲ್ಲಿಗೆ ಮುಗಿಸಬಹುದಾಗಿತ್ತು. ಆದರೆ ಫೋನು ಬರಿಯ ಅಂಗಡಿಯಿಂದ ಹುಟ್ಟುವುದಿಲ್ಲ. ಅದರ ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಲೋಹದ ಬಹುಭಾಗವು ಆಫ್ರಿಕದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ; ಅಲ್ಲಿಯ ಕೈಗಣಿಗಳಲ್ಲಿ ಮಕ್ಕಳೂ ದುಡಿಯುತ್ತಿದ್ದುದನ್ನು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯು ೨೦೧೬ರಲ್ಲಿ ವರದಿಮಾಡಿತು. ಅಷ್ಟು ದೂರ ಹೋಗಬೇಕಾದದ್ದೂ ಇಲ್ಲ. ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನುಗಳನ್ನು ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ೨೦೨೦ರ ಡಿಸೆಂಬರಿನಲ್ಲಿ, ಸಂಬಳವು ಸರಿಯಾಗಿ ಬರಲಿಲ್ಲವೆಂದು ಕೆರಳಿದ ಕೆಲಸಗಾರರು ದಾಂಧಲೆಯೆಬ್ಬಿಸಿದರು. ಕೆಲವರಿಗೆ ಸರಿಯಾಗಿಯೂ ಸಕಾಲದಲ್ಲಿಯೂ ಸಂಬಳವನ್ನು ಕೊಟ್ಟಿರಲಿಲ್ಲವೆಂದು ಆ ಕಂಪೆನಿಯೇ ಬಳಿಕ ಒಪ್ಪಿಕೊಂಡು ಕ್ಷಮೆಯನ್ನು ಕೇಳಿತು. ಆ ಕಾರ್ಖಾನೆಯು ಈಗ ಟಾಟಾ ಸಂಸ್ಥೆಯ ಅಧೀನದಲ್ಲಿದೆ. ಬಳಸಿ ಬಿಸುಟ ವಿದ್ಯುದುಪಕರಣಗಳ ಕಸವಾದರೋ ೨೦೨೨ರಲ್ಲಿ ಲೋಕದಲ್ಲೆಲ್ಲ ೬.೨ ಕೋಟಿ ಟನ್ನುಗಳಷ್ಟಾಯಿತೆಂದೂ, ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದಾಗಿ ದಾಖಲಾದದ್ದು ನೂರಕ್ಕೆ ೨೨.೩ರಷ್ಟೆಂದೂ ವಿಶ್ವಸಂಸ್ಥೆಯ ಗಣನೆಯು ಹೇಳುತ್ತದೆ. ಆದುದರಿಂದ ಕೈಯಲ್ಲಿರುವ ಫೋನು ಕಂಪೆನಿಗೆ ಬೆಲೆಯನ್ನು ತೆತ್ತು ತೀರಿಸಿದ ಸಾಲವಾದರೂ, ಅದನ್ನು ಅಗೆದ ಮತ್ತು ಜೋಡಿಸಿದ ಕೈಗಳಿಗೂ ಅದು ಕಡೆಗೆ ಬಿದ್ದಿರುವ ಭೂಮಿಗೂ ಸಲ್ಲತಕ್ಕ ಋಣವು ಉಳಿದೇ ಇರುತ್ತದೆ. ಅದು ಬಾಳುವಷ್ಟು ಕಾಲ ಅದನ್ನು ಬಾಳಿಸುವುದು ಆ ಋಣದ ಒಂದಂಶವನ್ನಾದರೂ ತೀರಿಸುವ ದಾರಿ.

ಈ ಭಾರವನ್ನೆಲ್ಲ ಕೊಳ್ಳುವವನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಬಾಳದಂತೆ ಮಾಡಿದ ವಸ್ತುವನ್ನು ಬಾಳಿಸೆಂದು ಉಪದೇಶಿಸುವುದು ಓಟೆಯ ಕೊಡದಲ್ಲಿ ನೀರನ್ನು ತರಹೇಳಿದಂತೆ. ೨೦೧೭ರ ಡಿಸೆಂಬರಿನಲ್ಲಿ ಆಪಲ್, ಬ್ಯಾಟರಿ ಹಳತಾದ ಫೋನುಗಳು ತಟ್ಟನೆ ಆರಿಹೋಗದಿರಲೆಂದು ಅವುಗಳ ವೇಗವನ್ನು ತಾನು ತಗ್ಗಿಸಿದ್ದುಂಟೆಂದು ಒಪ್ಪಿಕೊಂಡಿತು. ಬಳಸುವವರಿಗೆ ಮೊದಲೇ ತಿಳಿಸದಿದ್ದುದು ವಿವಾದಕ್ಕೆ ಎಡೆಯಾಯಿತು. ಕಂಪೆನಿಯು ಕ್ಷಮೆ ಕೇಳಿ, ಹೊಸ ಬ್ಯಾಟರಿಯ ಬೆಲೆಯನ್ನು ೭೯ ಡಾಲರಿನಿಂದ ೨೯ಕ್ಕೆ ಇಳಿಸಿತು. ಫೋನು ಮುದಿಯಾಯಿತೆಂದು ಬಿಸುಡಲು ಹೊರಟಿದ್ದ ಎಷ್ಟೋ ಜನರಿಗೆ, ಮುದಿಯಾದದ್ದು ಅದರ ಒಂದು ಅಂಗ ಮಾತ್ರವೆಂದು ಆಗ ತಿಳಿಯಿತು. ಐರೋಪ್ಯ ಒಕ್ಕೂಟದಲ್ಲಿ ೨೦೨೫ರ ಜೂನ್ ೨೦ರಿಂದ, ಫೋನುಗಳ ಬಿಡಿಭಾಗಗಳನ್ನು ಏಳು ವರ್ಷಗಳವರೆಗೆ ದೊರಕಿಸಬೇಕೆಂಬ ನಿಯಮವು ಜಾರಿಗೆ ಬಂದಿದೆ. ನಿರೀಕ್ಷಿಸುವುದಾದರೆ ನಾವು ನಿರೀಕ್ಷಿಸತಕ್ಕದ್ದು ಇಂಥವನ್ನು. ಮುಂದಿನ ಫೋನಿನಲ್ಲಿ ಎಷ್ಟು ಕ್ಯಾಮೆರಗಳಿರುವುವೆಂದು ಕೇಳುವವರು, ಅದು ಎಷ್ಟು ವರ್ಷ ಬಾಳುವುದೆಂದೂ ಕೆಟ್ಟರೆ ನಮ್ಮ ಊರಿನಲ್ಲಿ ರಿಪೇರಿಯಾಗುವುದೆ ಎಂದೂ ಕೇಳತೊಡಗಿದರೆ, ಸ್ಪರ್ಧೆಯು ತಾನಾಗಿಯೇ ಆ ಕಡೆಗೆ ತಿರುಗುವುದು.

೬

ನಿರೀಕ್ಷೆಯು ಪಾಪವಲ್ಲ, ಹೋಲಿಕೆಯೂ ಪಾಪವಲ್ಲ. ಹೋಲಿಸುವವನು ವಸ್ತುಗಳನ್ನು ಹೋಲಿಸಲಿ, ಅವುಗಳನ್ನು ಹಿಡಿದಿರುವ ಮನುಷ್ಯರನ್ನು ಹೋಲಿಸದಿರಲಿ. ನಿರೀಕ್ಷಿಸುವವನು ತನ್ನ ಬಳಕೆಯಲ್ಲಿ ಕಂಡ ಕೊರತೆಯು ನೀಗಲೆಂದು ನಿರೀಕ್ಷಿಸಲಿ, ಸುದ್ದಿಯು ತಂದೊಡ್ಡಿದ ಕೊರತೆಯನ್ನು ತನ್ನದೆಂದು ಎಣಿಸದಿರಲಿ. ಕೊಳ್ಳಬೇಕಾದ ಕಾಲವು ನಿಜವಾಗಿ ಬಂದಾಗ ಸಂಕೋಚವಿಲ್ಲದೆ ಕೊಂಡು, ಕೊಂಡ ಮೇಲೆ ಮುಂದಿನದರ ಸುದ್ದಿಗೆ ಕೆಲವು ವರ್ಷ ಕಿವುಡನಾಗಿರಲಿ.

ಮಹಾನವಮಿಯ ದಿನ ನಮ್ಮ ನಾಡಿನ ಕಮ್ಮಾರನು ಸುತ್ತಿಗೆಯನ್ನೂ ರೈತನು ನೇಗಿಲನ್ನೂ ವಿದ್ಯಾರ್ಥಿಯು ಪುಸ್ತಕವನ್ನೂ ತೊಳೆದು ಒರೆಸಿ, ಕುಂಕುಮವನ್ನಿಟ್ಟು ಪೂಜಿಸುವರು. ಪೂಜೆಗೊಳ್ಳುವ ಆಯುಧವು ಸವೆದಿರುತ್ತದೆ, ಹಿಡಿಯಲ್ಲಿ ಬೆವರಿನ ಕಲೆಯಿರುತ್ತದೆ. ವರ್ಷವೆಲ್ಲ ಕೆಲಸಕ್ಕೆ ಬಂದದ್ದಕ್ಕೆ ಆ ಪೂಜೆ. ಈಚೆಗೆ ಆ ಸಾಲಿನಲ್ಲಿ ಫೋನನ್ನೂ ಇಡುವ ಮನೆಗಳುಂಟು. ಅದು ನಗತಕ್ಕ ವಿಷಯವಲ್ಲ. ಕುಂಕುಮವನ್ನಿಡುವ ಆ ಒಂದು ಗಳಿಗೆಯ ಮನೋಭಾವವು ವರ್ಷದ ಉಳಿದ ದಿನಗಳಲ್ಲಿಯೂ ಉಳಿದರೆ ಸಾಕು.