ತುಲನೆಯೂ ತೃಷ್ಣೆಯೂ

ಒಂದೇ ಪ್ರಯೋಜನದ ಎರಡು ವಸ್ತುಗಳನ್ನು ಮುಂದಿಟ್ಟುಕೊಂಡು, ತೂಗಿ ನೋಡಿ, ಒಂದನ್ನು ಕೊಳ್ಳುವುದು ವಿವೇಕದ ಲಕ್ಷಣವೆಂದು ಲೋಕವು ಎಣಿಸುತ್ತದೆ. ಗೃಹಸ್ಥನು ದ್ರವ್ಯವನ್ನು ದುಂದು ಮಾಡಬಾರದಾದುದರಿಂದ ಈ ಎಣಿಕೆ ಸಾಧುವೇ ಸರಿ. ಆದರೆ ತುಲನೆಯು ಎಲ್ಲಿಯವರೆಗೆ ವಿವೇಕ, ಎಲ್ಲಿಂದ ಮುಂದೆ ತೃಷ್ಣೆ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಸಣ್ಣ ಉದಾಹರಣೆಯೊಂದರಿಂದ ಇದನ್ನು ಪರಿಶೀಲಿಸೋಣ.

ಮದುವೆ, ಸಭೆ, ಸಮಾರಂಭಗಳಲ್ಲಿ ಧರಿಸಲು ಯಾಂತ್ರಿಕ ಕೈಗಡಿಯಾರವನ್ನು ಅರಸುವವರು ಇಂದಿಗೂ ಇದ್ದಾರೆ. ಅಂಥವನೊಬ್ಬನು ಜಪಾನಿನ ಓರಿಯಂಟ್ ಸಂಸ್ಥೆಯ ಬ್ಯಾಂಬಿನೊ ಮತ್ತು ಸ್ವಿಟ್ಜರ್ಲೆಂಡಿನ ಟಿಸೋ ಸಂಸ್ಥೆಯ ಲ ಲೋಕ್ಲ್ ಎಂಬ ಎರಡನ್ನು ಹೋಲಿಸುತ್ತಿದ್ದಾನೆಂದು ಭಾವಿಸೋಣ. 1853ರಲ್ಲಿ ಟಿಸೋ ಸಂಸ್ಥೆ ಹುಟ್ಟಿದ ಊರಿನ ಹೆಸರೇ ಆ ಗಡಿಯಾರದ ಹೆಸರು. ಎರಡೂ ತೊಟ್ಟವನ ಕೈಯ ಚಲನೆಯಿಂದಲೇ ಕೀಲಿ ಪಡೆಯುತ್ತವೆ. ಎರಡರ ಬಡಿತವೂ ಗಂಟೆಗೆ 21,600. ಪೂರ್ಣ ಕೀಲಿಯಿಂದ ಬ್ಯಾಂಬಿನೊ ಸುಮಾರು 40 ಗಂಟೆ ನಡೆದರೆ, ಪವರ್‌ಮ್ಯಾಟಿಕ್ 80 ಯಂತ್ರವಿರುವ ಲ ಲೋಕ್ಲ್ 80 ಗಂಟೆ ನಡೆಯುತ್ತದೆ. ಒಂದರದು ಸಾಮಾನ್ಯ ಖನಿಜ ಗಾಜು. ಇನ್ನೊಂದರದು ಗೀರು ಬೀಳದ ಸಫೈರ್ ಗಾಜು. ಬೆಲೆಯಲ್ಲಿ ಎರಡನೆಯದು ಹಲವು ಪಟ್ಟು ಹೆಚ್ಚು.

ಇವುಗಳಲ್ಲಿ ಯಾವುದು ಮೇಲು? ಯಾವ ದೃಷ್ಟಿಯಿಂದ ಎಂದು ಹೇಳದ ಹೊರತು ಈ ಪ್ರಶ್ನೆಗೆ ಅರ್ಥವೇ ಇಲ್ಲವೆಂಬುದು ಅನೇಕಾಂತವನ್ನು ಬಲ್ಲ ವಾಚಕರಿಗೆ ಹೊಸ ಮಾತಲ್ಲ. ಆ 80 ಗಂಟೆಗಳನ್ನೇ ನೋಡಿರಿ. ಗಂಟೆಗೆ 28,800 ಬಡಿತದ ಹಳೆಯ ಯಂತ್ರದ ವೇಗವನ್ನು ಇಳಿಸಿದ್ದು ಆ ದೀರ್ಘ ನಡಿಗೆಗೆ ಒಂದು ಕಾರಣ. ಒಂದು ಗುಣದ ಲಾಭಕ್ಕೆ ಇನ್ನೊಂದರ ತ್ಯಾಗ.

ಇನ್ನು ಕಾಲಜ್ಞಾನದ ಮಾತು. ಯಾಂತ್ರಿಕ ಗಡಿಯಾರವು ದಿನಕ್ಕೆ ಹತ್ತಿಪ್ಪತ್ತು ಸೆಕೆಂಡು ಹಿಂದುಮುಂದಾಗುವುದು ಸಹಜ. ಅತ್ಯಲ್ಪ ಬೆಲೆಯ ಕ್ವಾರ್ಟ್ಜ್ ಗಡಿಯಾರವೂ ತಿಂಗಳಿಗೆ ಅಷ್ಟೇ ತಪ್ಪುತ್ತದೆ. 48 ನಿಮಿಷಗಳ ಸಾಮಾಯಿಕಕ್ಕಾಗಲಿ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವುದಕ್ಕಾಗಲಿ ಅದು ಧಾರಾಳವಾಗಿ ಸಾಕು. ಆದುದರಿಂದ ಯಾಂತ್ರಿಕ ಗಡಿಯಾರವನ್ನು ಕೊಳ್ಳುವವನು ಕೊಳ್ಳುವುದು ಅಂದವನ್ನು, ಕುಶಲಕರ್ಮಿಯ ಕೈಚಳಕವನ್ನು. ಅಣುವ್ರತಿಯಾದ ಗೃಹಸ್ಥನಿಗೆ ಇದು ನಿಷಿದ್ಧವೇನಲ್ಲ. ಆದರೆ ಅಂದಕ್ಕೆ ಅಗತ್ಯದ ವೇಷ ತೊಡಿಸಬಾರದು. ಅಗತ್ಯಕ್ಕೆ ಒಂದು ಕೊನೆಯಿದೆ; ಅಂದದ ಬಯಕೆಗೆ ಕೊನೆಯನ್ನು ನಾವೇ ಕಟ್ಟಬೇಕು.

ತುಲನೆಯು ದಾರಿ ತಪ್ಪುವುದು ಇಲ್ಲಿಯೇ. ದಿನವೂ ಗಡಿಯಾರ ತೊಡುವವನಿಗೆ 40 ಗಂಟೆ ಯಾವ ಕೊರತೆಯೂ ಅಲ್ಲ. 80 ಎಂಬ ಅಂಕಿಯನ್ನು ಕಂಡ ಕ್ಷಣದಲ್ಲಿ ಅದು ಕೊರತೆಯಾಗಿ ಹುಟ್ಟುತ್ತದೆ. ಎರಡನ್ನು ತೂಗುತ್ತಿರುವಾಗಲೇ, ಇನ್ನಿಷ್ಟು ಸೇರಿಸಿದರೆ ಇದಕ್ಕಿಂತ ಉತ್ತಮವಾದುದು ಸಿಗುವುದಲ್ಲವೇ ಎಂದು ಮೂರನೆಯದು ಕಣ್ಣಿಗೆ ಬೀಳುತ್ತದೆ. ಅದರ ಹಿಂದೆ ನಾಲ್ಕನೆಯದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುಗಳ ರಾಶಿಯಿಂದಲ್ಲ, ಅವುಗಳಲ್ಲಿನ ಮಮತ್ವದಿಂದ ಗುರುತಿಸಿರುವರು. ಹಾಗೆ ನೋಡಿದರೆ, ಒಂದನ್ನೂ ಕೊಳ್ಳದೆ ತಿಂಗಳುಗಟ್ಟಲೆ ಹೋಲಿಸುತ್ತ ಕುಳಿತವನ ಪರಿಗ್ರಹವು ಒಂದನ್ನು ಕೊಂಡು ಮರೆತವನಿಗಿಂತ ದೊಡ್ಡದಾಗಿರಬಹುದು. ಪರಿಗ್ರಹ ಪರಿಮಾಣ ವ್ರತದಲ್ಲಿ ವಸ್ತುವನ್ನು ಕಾಣುವ ಮುನ್ನವೇ ಮಿತಿಯನ್ನು ನಿಶ್ಚಯಿಸುವುದರ ಔಚಿತ್ಯ ಇದೇ. ಕಂಡ ಮೇಲೆ ಕಟ್ಟಿದ ಮಿತಿಯು ಆಸೆ ಎಳೆದಷ್ಟೂ ಹಿಗ್ಗುತ್ತದೆ.

ಇನ್ನೊಂದು ಸಂಗತಿಯಿದೆ. ಮಾರುವವರು ಕೊಡುವ ಗುಣಪಟ್ಟಿಯಲ್ಲಿ ಗಾಜು, ಗಾತ್ರ, ಬಡಿತಗಳಿಗೆ ಪ್ರಾಧಾನ್ಯ. ಕೈಪಟ್ಟಿಯದು ಒಂದು ಸಾಲು ಮಾತ್ರ. ಸಮಾರಂಭದ ಗಡಿಯಾರಗಳಿಗೆ ಚರ್ಮದ ಪಟ್ಟಿಯೇ ವಾಡಿಕೆ. ಬ್ಯಾಂಬಿನೊ ಸಾಮಾನ್ಯವಾಗಿ ಅದರೊಡನೆಯೇ ಬರುತ್ತದೆ. ಲ ಲೋಕ್ಲ್ ಉಕ್ಕಿನ ಸರಪಟ್ಟಿಯೊಡನೆಯೂ ದೊರೆಯುತ್ತದೆ. ಕೊಂಡ ಮೇಲೆ ಚರ್ಮವನ್ನು ಕಿತ್ತು ಬಟ್ಟೆಯ ಪಟ್ಟಿ ಹಾಕಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅದರಿಂದ ಕೈ ಶುದ್ಧವಾಗಬಹುದು. ಚರ್ಮಕ್ಕೆ ತೆತ್ತ ಹಣವಂತೂ ಹಿಂದಿರುಗದು. ಪ್ರಾಣಿಯೊಂದರ ಜೀವಕ್ಕೆ ಸಂಬಂಧಿಸಿದ ವಿಷಯವು 40, 80ರ ಸಾಲಿನಲ್ಲಿ ತೂಗತಕ್ಕ ಗುಣವಲ್ಲ. ಅದು ತಕ್ಕಡಿಯನ್ನು ಎತ್ತುವ ಮೊದಲೇ ನಿಶ್ಚಯವಾಗಬೇಕಾದುದು. ಅಹಿಂಸೆಯು ಒಂದರತ್ತ, ಹಣದ ಮಿತಿಯು ಮತ್ತೊಂದರತ್ತ ಕೈತೋರಿದರೆ ಏನು ಮಾಡುವುದು? ಚರ್ಮವಿಲ್ಲವೆಂಬ ನೆಪದಿಂದ ಮಿತಿ ಮೀರುವುದೂ ಸಲ್ಲದು, ಬೆಲೆ ಕಡಿಮೆಯೆಂಬ ನೆಪದಿಂದ ಚರ್ಮವನ್ನು ಸ್ವೀಕರಿಸುವುದೂ ಸಲ್ಲದು.

ಆದುದರಿಂದ ಅಂಗಡಿಗೆ ಹೊರಡುವ ಮುನ್ನ ಬೆಲೆಯ ಮಿತಿಯನ್ನೂ, ಒಪ್ಪಲಾಗದ ಸಂಗತಿಗಳನ್ನೂ, ಮನೆಯಲ್ಲಿ ಈಗಾಗಲೇ ಇರುವ ಗಡಿಯಾರಗಳ ಎಣಿಕೆಯನ್ನೂ ಕಾಗದದ ಮೇಲೆ ಬರೆದಿಡುವುದು ಲೇಸು. ಬಳಿಕ ಹೋಲಿಸಲಿ, ಆ ಅಳತೆಗೆ ಒಪ್ಪುವುದು ದೊರೆತೊಡನೆ ಹೋಲಿಕೆಯನ್ನು ನಿಲ್ಲಿಸಲಿ. ಎರಡೂ ಒಪ್ಪದಿದ್ದಲ್ಲಿ ಬರಿಗೈಯಲ್ಲಿ ಮರಳಲಿ. ಕೊಳ್ಳದೆ ಬರುವುದೂ ತುಲನೆಯ ಯೋಗ್ಯವಾದ ಫಲಗಳಲ್ಲಿ ಒಂದು.