ಮರಳುದಾರಿಯ ಋಣ

ದಾರಿಯೆಂಬುದು ನಡೆಯುವವನಿಗಿಂತ ಹಿರಿದು. ಯಾವನೂ ತಾನು ನಡೆಯುವ ದಾರಿಯನ್ನು ತಾನೇ ಮಾಡಿಕೊಂಡಿರುವುದಿಲ್ಲ. ಮೊದಲು ನಡೆದವರು ಯಾರೋ, ಗುಡ್ಡವನ್ನು ಕಡಿದವರು ಯಾರೋ, ಹಳ್ಳಕ್ಕೆ ಸೇತುವೆಯನ್ನು ಕಟ್ಟಿದವರು ಯಾರೋ. ಅವರೆಲ್ಲರ ದುಡಿಮೆಯ ಮೇಲೆ ಕಾಲಿಟ್ಟೇ ಪಯಣಿಗನು ತನ್ನ ಊರನ್ನು ಸೇರುತ್ತಾನೆ. ಸಾಲುಮರಗಳನ್ನು ನೆಡಿಸಿದವರೂ ಅರವಟ್ಟಿಗೆಯನ್ನು ಇಡಿಸಿದವರೂ ಪುಣ್ಯಕ್ಕಾಗಿ ಮನಸಾರೆ ಕೊಟ್ಟವರು. ಆದಕಾರಣ ಅಂಥ ದಾರಿಯ ಋಣವು ಹಗುರವಾದುದು. ಆದರೆ ಕೊಡಲೊಪ್ಪದವರಿಂದ ಕಿತ್ತುಕೊಂಡು ಮಾಡಿದ ದಾರಿಯೊಂದಿದ್ದರೆ, ನೂರು ವರ್ಷಗಳ ತರುವಾಯ ಅದರಲ್ಲಿ ಸಂತೋಷಕ್ಕಾಗಿ ಹೋಗುವವನ ಪಾಡೇನು? ಹಿಂದಿನವರ ಅನ್ಯಾಯದಲ್ಲಿ ಅವನಿಗೂ ಪಾಲುಂಟೇ? ಈ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ ಆಸ್ಟ್ರೇಲಿಯದ ನಡುನಾಡಿನ ಮರುಭೂಮಿಗಿಂತ ತಕ್ಕ ಸ್ಥಳವು ಬೇರೊಂದು ದೊರೆಯುವುದು ಕಷ್ಟ.

ಆ ದೇಶದವರು ಔಟ್‌ಬ್ಯಾಕ್ ಎಂದು ಕರೆಯುವ ಆ ಒಳನಾಡಿನಲ್ಲಿ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹಾಯುವ ಮೋಟಾರುಗಳನ್ನೇರಿ ವಾರಗಟ್ಟಲೆ ಸಂಚರಿಸುವುದು ಇಂದು ಸಹಸ್ರಾರು ಮಂದಿಗೆ ಪ್ರಿಯವಾದ ವಿನೋದವಾಗಿದೆ. ಬೇಸಗೆಯ ಉರಿಯು ತಗ್ಗಿದ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಅವರು ಹೊರಡುತ್ತಾರೆ. ಕುಡಿಯುವ ನೀರು, ಡಬ್ಬಗಳಲ್ಲಿ ಎಣ್ಣೆ, ಮಿಗಿಲಾಗಿ ಎರಡು ಚಕ್ರಗಳು, ಉಪಗ್ರಹದ ಮೂಲಕ ಮಾತನಾಡುವ ಟೆಲಿಫೋನು, ಇವೆಲ್ಲವೂ ಗಾಡಿಯಲ್ಲಿರಬೇಕು. ಮರಳದಿಣ್ಣೆಯು ಬಂದೊಡನೆ ಟೈರಿನ ಗಾಳಿಯನ್ನು ಇಳಿಸುತ್ತಾರೆ; ಟೈರು ಅಗಲವಾಗಿ ಹರಡಿಕೊಂಡು ಮರಳಿನಲ್ಲಿ ಹೂಳದೆ ಸಾಗುತ್ತದೆ. ದಿಣ್ಣೆಯ ಆಚೆಯಿಂದ ಏರಿಬರುವವನಿಗೆ ಕಾಣಲೆಂದು ಗಾಡಿಯ ಮುಂದೆ ಉದ್ದನೆಯ ಕೋಲಿಗೆ ಬಾವುಟವನ್ನು ಕಟ್ಟುತ್ತಾರೆ. ಹಗಲೆಲ್ಲ ಕೆಂಪು ನೆಲ, ಇರುಳೆಲ್ಲ ದಟ್ಟವಾದ ನಕ್ಷತ್ರ. ನಡುವೆ ಮನುಷ್ಯನ ಸದ್ದೇ ಇಲ್ಲ. ಪಟ್ಟಣದ ಬಾಳಿನಿಂದ ಬೇಸತ್ತವನಿಗೆ ಇದು ಚಿತ್ತಶುದ್ಧಿಯನ್ನು ತರತಕ್ಕ ಅನುಭವವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಈ ನಿರ್ಜನತೆಯು ಕಣ್ಣಿಗೆ ತೋರುವಷ್ಟು ನಿರ್ಜನವಲ್ಲ.

ಮರುಭೂಮಿಯಲ್ಲಿ ದಾರಿಯನ್ನು ಮಾಡುವುದು ನೀರು. ದಕ್ಷಿಣ ಆಸ್ಟ್ರೇಲಿಯದ ಮರೀ ಎಂಬ ಊರಿನಿಂದ ಊಡ್ನಡಾಟದ ಮೂಲಕ ಮಾರ್ಲದವರೆಗೆ ಹೋಗುವ 600 ಕಿಲೋಮೀಟರಿಗೂ ಮಿಕ್ಕ ಕಚ್ಚಾರಸ್ತೆಯು ಹೀಗೇಕೆ ಬಾಗಿ ಬಳುಕಿ ಹೋಗುತ್ತದೆಂದು ಕೇಳಿದರೆ, ನೆಲದಡಿಯಿಂದ ಉತ್ತರ ಬರುತ್ತದೆ. 17 ಲಕ್ಷ ಚದರ ಕಿಲೋಮೀಟರುಗಳಷ್ಟು ಹರಡಿರುವ ಭೂಗರ್ಭದ ಜಲರಾಶಿಯೊಂದು ಅಲ್ಲಲ್ಲಿ ಒತ್ತಡದಿಂದ ಮೇಲೆ ಚಿಮ್ಮಿ, ತಾನು ತಂದ ಉಪ್ಪು ಮಣ್ಣುಗಳಿಂದ ತನ್ನ ಸುತ್ತಲೂ ದಿಬ್ಬವನ್ನು ಕಟ್ಟಿಕೊಂಡು ಬುಗ್ಗೆಯಾಗಿ ನಿಂತಿದೆ. ಆ ಬುಗ್ಗೆಗಳ ಸಾಲನ್ನು ಅರಬಾನ ಮೊದಲಾದ ಮೂಲನಿವಾಸಿಗಳು ಅನಾದಿಯಿಂದ ಬಲ್ಲರು. ಅವರ ವ್ಯಾಪಾರದ ಜಾಡೇ ಅದು. 1859ರಲ್ಲಿ ಸ್ಟುವರ್ಟನೆಂಬ ಶೋಧಕನು ಆ ಬುಗ್ಗೆಗಳ ಜಾಡನ್ನು ಹಿಡಿದನು. 1872ರಲ್ಲಿ ಮುಗಿದ ತಂತಿಯ ಸಾಲು ಅವನ ಹೆಜ್ಜೆಯನ್ನು ಹಿಡಿಯಿತು. ರೈಲುದಾರಿಯು ತಂತಿಯನ್ನು ಹಿಡಿದು 1929ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಊರನ್ನು ಮುಟ್ಟಿತು. ರೈಲಿಗೆ ಮುನ್ನ ಸರಕನ್ನು ಹೊತ್ತವು ಒಂಟೆಗಳು. 1860ರಲ್ಲಿ ಬರ್ಕ್ ಎಂಬವನ ಶೋಧಯಾತ್ರೆಗಾಗಿ ಕರಾಚಿ ಬಂದರಿನಿಂದ ಒಂಟೆಗಳನ್ನೂ ಅವುಗಳ ಪಾಲಕರನ್ನೂ ಕರೆದೊಯ್ದರು. ಅವರ ಹಿಂದೆ ಬಲೂಚಿಸ್ತಾನ, ಪಂಜಾಬು, ಅಫಘಾನಿಸ್ತಾನಗಳ ಒಂಟೆಗಾರರು ನೂರಾರು ಮಂದಿ ಹೋದರು. ಅವರೆಲ್ಲರನ್ನೂ ಆ ದೇಶದವರು ಅಫಘಾನರೆಂದೇ ಕರೆದರು. ರೈಲಿಗೆ ಬಂದ ‘ಘಾನ್’ ಎಂಬ ಹೆಸರಿನಲ್ಲಿ ಅವರ ನೆನಪು ಉಳಿದಿದೆ. ಮಳೆ ಬಂದಾಗಲೆಲ್ಲ ಕೊಚ್ಚಿಹೋಗುತ್ತಿದ್ದ ಆ ಹಳೆಯ ರೈಲುದಾರಿಯನ್ನು 1980ರಲ್ಲಿ ಮುಚ್ಚಿ, ಪಶ್ಚಿಮಕ್ಕೆ ಸರಿದ ಹೊಸ ದಾರಿಯೊಂದನ್ನು ತೆರೆದರು. ಇಂದು ಮೋಟಾರಿನವನು ಪಾಳುಬಿದ್ದ ನಿಲ್ದಾಣಗಳ ಮಗ್ಗುಲಲ್ಲಿ ಗುಡಾರ ಹಾಕಿ ಚಹ ಕಾಯಿಸುತ್ತಾನೆ.

ಈ ದಾರಿಯ ಋಣವು ಅರಿವಿನ ಋಣ: ನೀರೆಲ್ಲಿದೆಯೆಂಬುದನ್ನು ಒಂದು ಜನಾಂಗವು ಕಂಡುಕೊಂಡಿತ್ತು, ಇನ್ನೊಂದು ಅದನ್ನು ಬಳಸಿಕೊಂಡಿತು. ನೀರನ್ನೇ ಕುಡಿದು ಮುಗಿಸಿದ ದಾರಿಯೂ ಉಂಟು. ಖಂಡವನ್ನು ಪೂರ್ವಪಶ್ಚಿಮವಾಗಿ ದಾಟುವ ರೈಲುದಾರಿಯ ಎರಡು ತುದಿಗಳು 1917ನೆಯ ಅಕ್ಟೋಬರಿನಲ್ಲಿ ಊಲ್ಡಿಯ ಎಂಬಲ್ಲಿ ಕೂಡಿದವು. ಅಲ್ಲಿಗೆ ಸಮೀಪದಲ್ಲಿ ಮರಳಿನಡಿಯ ಜೇಡಿಮಣ್ಣಿನ ಪದರದ ಮೇಲೆ ಸಿಹಿನೀರು ನಿಲ್ಲುವ ಒರತೆಯೊಂದಿತ್ತು. ದೂರದೂರದ ಬಳಗಗಳು ಬರಗಾಲದಲ್ಲಿ ಅಲ್ಲಿ ಸೇರುತ್ತಿದ್ದವು. ಉಪ್ಪುನೀರು ಉಗಿಯಂತ್ರದ ಬಾಯ್ಲರನ್ನು ಕೆಡಿಸುವುದರಿಂದ ರೈಲಿನವರು ಈ ಸಿಹಿನೀರನ್ನು ಪಂಪಿನಿಂದ ಸೆಳೆದರು. ಸೆಳೆದಷ್ಟೂ ಸಾಲದೆ ಕೊರೆದರು. ಜೇಡಿಯ ಪದರವು ತೂತಾಗಿ ನೀರು ಕೆಟ್ಟಿತು. 1926ರ ಹೊತ್ತಿಗೆ ರೈಲಿಗೆ ಆ ಒರತೆಯಿಂದ ಪ್ರಯೋಜನವಿಲ್ಲದೆ ಹೋಯಿತು. ರೈಲು ಬೇರೆ ಕಡೆಯಿಂದ ನೀರನ್ನು ತಂದುಕೊಂಡಿತು. ಒರತೆಯನ್ನು ನಂಬಿದ್ದವರಿಗೆ ಆ ಅನುಕೂಲವಿರಲಿಲ್ಲ.

ಇನ್ನು ಮೂರನೆಯ ದಾರಿ. ಪಶ್ಚಿಮ ಆಸ್ಟ್ರೇಲಿಯದ ವಿಲೂನದಿಂದ ಹಾಲ್ಸ್ ಕ್ರೀಕಿನವರೆಗೆ ಸುಮಾರು 1850 ಕಿಲೋಮೀಟರು ಉದ್ದವಾಗಿ, 900ರಷ್ಟು ಮರಳದಿಣ್ಣೆಗಳನ್ನು ದಾಟಿಹೋಗುವ ಕ್ಯಾನಿಂಗ್ ದಾರಿಯು ಮೋಟಾರು ಸಂಚಾರಿಗಳಿಗೆ ಕಾಶಿಯಿದ್ದಂತೆ. ಉತ್ತರದ ದನಗಳನ್ನು ದಕ್ಷಿಣದ ಚಿನ್ನದ ಗಣಿಗಳ ಪೇಟೆಗೆ ನಡೆಸಿಕೊಂಡು ಹೋಗಲು ಹುಟ್ಟಿದ ದಾರಿ ಇದು. ಉಣ್ಣೆ ಹತ್ತಿದ ದನಗಳನ್ನು ಹಡಗಿನಲ್ಲಿ ದಕ್ಷಿಣಕ್ಕೆ ತರಗೊಡುತ್ತಿರಲಿಲ್ಲ. ಮರುಭೂಮಿಯಲ್ಲಿ ನಡೆದುಬಂದರೆ ಉಣ್ಣೆಗಳು ಸಾಯುವುವೆಂದು ಎಣಿಸಿದರು. 1906ರಲ್ಲಿ ಆಲ್ಫ್ರೆಡ್ ಕ್ಯಾನಿಂಗ್ ಎಂಬ ಮೋಜಣಿದಾರನು 23 ಒಂಟೆಗಳೊಡನೆ ಮೋಜಣಿಗೆ ಹೊರಟನು. ಸರಕಿನಲ್ಲಿ ಕತ್ತಿಗೆ ಹಾಕುವ ಸರಪಣಿಗಳೂ ಇದ್ದವು. ಮರುಭೂಮಿಯ ನಿವಾಸಿಗಳನ್ನು ಹಿಡಿದು, ಸರಪಣಿ ಹಾಕಿ, ಇರುಳು ಮರಕ್ಕೆ ಕಟ್ಟಿ, ಬಾಯಾರಿದಾಗ ಅವರು ಎತ್ತ ಎಳೆಯುವರೋ ಅತ್ತ ನೀರುಂಟೆಂದು ತಿಳಿಯುವುದೇ ಅವರ ಶೋಧನೆಯ ಕ್ರಮವಾಗಿತ್ತು. ಆ ತಂಡದ ಅಡಿಗೆಯವನಾದ ಬ್ಲೇಕ್ ಎಂಬವನು ಮನಸ್ಸು ತಡೆಯದೆ ದೂರಿತ್ತನು. 1908ರಲ್ಲಿ ವಿಚಾರಣೆಯ ಆಯೋಗವು ಕುಳಿತಿತು. ಸರಪಣಿಯ ವಿಷಯವನ್ನು ಕ್ಯಾನಿಂಗನು ಮರೆಮಾಚಲಿಲ್ಲ. ಆದರೂ ಆಯೋಗವು ಅವನನ್ನು ನಿರ್ದೋಷಿಯೆಂದು ಬಿಟ್ಟಿತು.

ಆಮೇಲೆ 1910ರೊಳಗಾಗಿ ಐವತ್ತರಷ್ಟು ಬಾವಿಗಳನ್ನು ತೋಡಿದರು. ಅನೇಕ ಬಾವಿಗಳನ್ನು ತೋಡಿದುದು ಆ ಜನರ ಪವಿತ್ರವಾದ ನೀರ್ದಾಣಗಳಲ್ಲಿಯೇ. ಅವುಗಳಲ್ಲಿ ಕೆಲವನ್ನು ಅವರು ‘ಜಿಲ’ವೆನ್ನುತ್ತಾರೆ, ಪೂರ್ವಿಕರು ಸರ್ಪರೂಪದಿಂದ ಆ ನೀರಿನಲ್ಲಿ ನೆಲಸಿದ್ದಾರೆಂದು ಅವರ ನಂಬಿಕೆ. ನಾಗಬನದ ಮರವನ್ನು ಕಡಿಯಲು ಕೈಯೇಳದ ಮನೆತನಗಳಿಗೆ ಈ ನಂಬಿಕೆಯ ಬಿಗುವನ್ನು ವಿವರಿಸಬೇಕಾದುದಿಲ್ಲ. ಮರದ ಚೌಕಟ್ಟಿನ ಆಳವಾದ ಬಾವಿ, ಕಪಿಲೆಯ ಹಾಗೆ ಒಂಟೆಯಿಂದ ಎಳೆಸತಕ್ಕ ಭಾರವಾದ ಬಕೀಟು: ಒಂಟೆಯುಳ್ಳವನಿಗೆ ಇದು ಅನುಕೂಲ. ಅದೇ ನೀರನ್ನು ಹಿಂದೆ ಬೊಗಸೆಯಲ್ಲಿ ಕುಡಿದವರಿಗೆ ಈಗ ಅದು ಎಟುಕಲಿಲ್ಲ. ಅವರು ಬಾವಿಗಳನ್ನು ಕಿತ್ತುಹಾಕಿದರು. 1911ರಲ್ಲಿ ದನ ಹೊಡೆದುಕೊಂಡು ಹೋದ ಮೊದಲಿಗರಲ್ಲಿ ಕೆಲವರು ಕೊಲೆಯಾದರು. ಬೆನ್ನಟ್ಟಿಹೋದ ಪೊಲೀಸರು ಮೂಲನಿವಾಸಿಗಳನ್ನು ಗುಂಡಿಕ್ಕಿ ಕೊಂದರು. ಇಷ್ಟೆಲ್ಲ ಆಗಿ, 1911ರಿಂದ 1931ರವರೆಗೆ ಆ ದಾರಿಯಲ್ಲಿ ನಡೆದ ದನದ ಮಂದೆಗಳು ಎಂಟೇ ಎಂಟು. 1959ರಲ್ಲಿ ಕೊನೆಯ ಮಂದೆಯು ಹೋಯಿತು. ದಾರಿಯು ವಿನೋದಕ್ಕೆ ಉಳಿಯಿತು.

ಇದನ್ನೆಲ್ಲ ತಿಳಿದ ಸಂಚಾರಿಯು ಹೀಗೆ ವಾದಿಸಬಹುದು: ‘ಸರಪಣಿ ಹಾಕಿದವರು ಸತ್ತುಹೋದರು, ಹಾಕಿಸಿಕೊಂಡವರೂ ಹೋದರು. ಆಗ ಹುಟ್ಟದೆ ಇದ್ದವನು ಅಪರಾಧಿಯಾಗುವುದು ಹೇಗೆ?’ ಈ ವಾದದಲ್ಲಿ ಸತ್ಯವಿದೆ. ಪಾಪವು ಮಾಡಿದವನದು, ಅದನ್ನು ಮತ್ತೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಪಾಪ ಬೇರೆ, ಋಣ ಬೇರೆ. ಕನ್ನಡನಾಡಿನ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ಯಾವ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನೋ ಆ ಸ್ಮೃತಿಯು ಈ ಭೇದವನ್ನು ಬಲ್ಲುದು. ಆಸ್ತಿಯನ್ನು ಕೈಗೊಂಡವನು ಸಾಲವನ್ನೂ ತೀರಿಸತಕ್ಕವನೆಂದು ಅದು ವಿಧಿಸುತ್ತದೆ. ಆಸ್ತಿಯು ಬೇಕು, ಅದರ ಮೇಲಿನ ಸಾಲವು ಬೇಡವೆಂಬ ಮಾತು ಅಲ್ಲಿ ನಡೆಯುವುದಿಲ್ಲ. ದಾರಿಯನ್ನು ಅನುಭವಿಸುವವನು ಆಸ್ತಿಯನ್ನು ಕೈಗೊಂಡವನೇ ಸರಿ.

ಚತುರನಾದವನು ಅದೇ ಸ್ಮೃತಿಯನ್ನು ಹಿಡಿದು ಮರುನುಡಿಯಬಹುದು. ತಂದೆಯು ಕುಡಿತಕ್ಕೂ ಜೂಜಿಗೂ ಮಾಡಿದ ಸಾಲವನ್ನು ಮಗನು ತೀರಿಸಬೇಕಾಗಿಲ್ಲವೆಂದು ಅಲ್ಲಿಯೇ ಹೇಳಿದೆ. ಸರಪಣಿಯ ಕೆಲಸವು ಅದಕ್ಕಿಂತ ಹೀನವಾದುದು. ಆದುದರಿಂದ ಆ ಸಾಲವು ಮುಂದಿನವರಿಗೆ ತಗಲದು ಎಂದು. ಆದರೆ ಜೂಜಿನಲ್ಲಿ ಸೋತ ಹಣದಿಂದ ಮಗನಿಗೆ ಬಂದುದೇನೂ ಇಲ್ಲ. ತಂದೆಯು ನೆರೆಯವನ ಹಸುವನ್ನು ಕಸಿದು ತಂದು ಕಟ್ಟಿ, ಮಗನು ಈ ಹೊತ್ತೂ ಅದರ ಹಾಲನ್ನು ಕುಡಿಯುತ್ತಿದ್ದರೆ, ‘ಕಸಿದವನು ನಾನಲ್ಲ’ವೆಂಬ ಮಾತು ಅವನನ್ನು ಬಿಡಿಸಲಾರದು. ಬಾವಿಯು ಇನ್ನೂ ಅಲ್ಲಿದೆ. ಸಂಚಾರಿಯು ಅದರ ಕಟ್ಟೆಯ ಮೇಲೆ ಕುಳಿತು ಚಿತ್ರವನ್ನು ತೆಗೆಸಿಕೊಳ್ಳುತ್ತಾನೆ.

ಹಾಗಾದರೆ ಹೋಗಲೇಬಾರದೇ? ಹೋಗದೆ ಇದ್ದರೆ ಸಾಲವು ತೀರಿತೆಂದು ಅರ್ಥವಲ್ಲ. ಸಾಲಿಗನು ಬೀದಿಯನ್ನು ತಪ್ಪಿಸಿ ತಿರುಗಿದಂತಾಯಿತು. 2002ರಲ್ಲಿ ಮಾರ್ಟು ಜನರಿಗೂ 2012ರಲ್ಲಿ ಅರಬಾನರಿಗೂ ಅವರ ನೆಲದ ಮೇಲಿನ ಪೂರ್ವಾಧಿಕಾರವನ್ನು ನ್ಯಾಯಾಲಯಗಳು ಮನ್ನಿಸಿವೆ. ಇಂದು ಕ್ಯಾನಿಂಗ್ ದಾರಿಯಲ್ಲಿ ಹೋಗತಕ್ಕವನು ಆ ನೆಲದ ಒಡೆತನವುಳ್ಳವರ ಸಂಘಗಳಿಂದ ಅನುಮತಿಪತ್ರವನ್ನು ಪಡೆಯಬೇಕು. 2010ರಲ್ಲಿ ಆ ದೇಶದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಆ ದಾರಿಯ ಜನರು ತಮ್ಮ ಕಥೆಯನ್ನು ತಾವೇ ಚಿತ್ರಗಳಲ್ಲಿ ಬರೆದು ತೋರಿಸಿದರು. ಅವರು ಬಾಗಿಲನ್ನು ಮುಚ್ಚಿಕೊಂಡಿಲ್ಲ. ಬಾಗಿಲು ತಮ್ಮದೆಂದು ಹೇಳಿದ್ದಾರೆ. ಅನುಮತಿಪತ್ರಕ್ಕೆ ತೆರುವ ಹಣದಿಂದ ಋಣವು ತೀರುವುದೆಂದಲ್ಲ. ಬೇಡಿ ಪಡೆಯುವುದರಲ್ಲಿ ಒಪ್ಪಿಗೆಯ ಒಂದು ಮಾತಿದೆ; 1906ರಲ್ಲಿ ಯಾರೂ ಆಡದೆ ಹೋದ ಮಾತು ಅದು.

ಆದರೆ ‘ಹೋಗು’ ಎಂದಾಗ ಹೋಗುವುದು ಸುಲಭ. ‘ಬೇಡ’ವೆಂದಾಗ ನಿಲ್ಲುವುದರಲ್ಲಿ ಮನುಷ್ಯನ ಪರೀಕ್ಷೆಯಿದೆ. ಊಡ್ನಡಾಟದ ರಸ್ತೆಯನ್ನು ಮಳೆ ಬಂದಾಗ ಮುಚ್ಚುತ್ತಾರೆ. ಹಸಿ ಮಣ್ಣಿನಲ್ಲಿ ಒಂದು ಗಾಡಿ ಹರಿದರೆ ಅದರ ಗಾಲಿಯ ಕೊರಕಲು ತಿಂಗಳುಗಟ್ಟಲೆ ಉಳಿಯುತ್ತದೆ. ಆ ರಸ್ತೆಯ ಮಗ್ಗುಲಿಗಿರುವ ಕಾಟಿ ತಂಡ ಎಂಬ ಉಪ್ಪಿನ ಮಹಾಸರೋವರವು ಅರಬಾನರಿಗೆ ಪವಿತ್ರವಾದುದು. ಅದರ ಒಣಪಾತಳಿಯ ಮೇಲೆ ಗಾಡಿಯನ್ನು ಹರಿಸಬಾರದೆಂದು ನಿಷೇಧವಿದೆ. ಸಾವಿರಾರು ಕಿಲೋಮೀಟರು ಬಂದು, ಎಣ್ಣೆಗೆ ಹಣ ಸುರಿದು, ವರ್ಷದ ರಜವನ್ನೆಲ್ಲ ಕೂಡಿಟ್ಟವನು ಅಂಚಿನಲ್ಲಿ ನಿಂತು ನೋಡಿ ಹಿಂದಿರುಗಬೇಕು. ಕಾಯುವವರು ಯಾರೂ ಅಲ್ಲಿಲ್ಲ. ಆ ಹೊತ್ತಿನಲ್ಲಿ ಗಾಡಿಯನ್ನು ತಿರುಗಿಸಬಲ್ಲವನು ಋಣವನ್ನು ತಿಳಿದವನು. ತಿರುಗಿಸಲಾರದವನು, ತನ್ನ ಗಾಡಿಯಲ್ಲಿ ಸರಪಣಿಯನ್ನು ಇಡದಿದ್ದರೂ, ಹಳೆಯ ತಂಡದ ಹಿಂದೆಯೇ ಹೋಗುತ್ತಿರುವವನು.

ಕ್ಯಾನಿಂಗ್ ದಾರಿಯ ಕಥೆಯಲ್ಲಿ ಚಿಕ್ಕದೊಂದು ಸಂಗತಿಯಿದೆ. 1929ರಲ್ಲಿ ಪಾಳುಬಿದ್ದ ಬಾವಿಗಳನ್ನು ದುರಸ್ತಿಮಾಡುವುದಕ್ಕಾಗಿ ಸ್ನೆಲ್ ಎಂಬವನನ್ನು ಕಳುಹಿಸಿದರು. ಆ ಜನರು ಬಾವಿಗಳನ್ನೇಕೆ ಒಡೆದರೆಂಬುದನ್ನು ಅವನು ಯೋಚಿಸಿದನು. ಅವರಿಗೆ ನೀರು ಎಟುಕದಂತೆ ಕಟ್ಟಿದುದೇ ತಪ್ಪೆಂದು ಕಂಡನು. ತಾನು ದುರಸ್ತಿಮಾಡಿದ ಬಾವಿಗಳಿಗೆ, ಒಂಟೆಯಿಲ್ಲದವರೂ ಇಳಿದು ನೀರು ತೆಗೆದುಕೊಳ್ಳಲೆಂದು, ಏಣಿಗಳನ್ನಿಟ್ಟನು. ತೋಡಿದ ಬಾವಿಯನ್ನು ತೋಡದಂತೆ ಮಾಡಲು ಅವನಿಂದ ಆಗುತ್ತಿರಲಿಲ್ಲ, ಏಣಿಯನ್ನಿಡಲು ಆಗುತ್ತಿತ್ತು. ಹಿಂದಿನವರು ಮಾಡಿಟ್ಟ ದಾರಿಗಳಲ್ಲಿ ನಡೆಯುವವರಿಗೆಲ್ಲ ಇಷ್ಟು ಕೆಲಸವಂತೂ ಉಳಿದೇ ಇರುತ್ತದೆ.